ಎಲ್ಲರ ನೀರು: ಜಪಾನಿನ ಬಿಸಿನೀರಿನ ಊರಿನಲ್ಲಿ ಒಂದು ರಾತ್ರಿ



ನಮ್ಮ ಮನೆಗಳಲ್ಲಿ ಸ್ನಾನವೆಂಬುದು ಒಬ್ಬೊಬ್ಬರ ಕೆಲಸ. ಹಂಡೆಯಲ್ಲೋ ಗೀಸರಿನಲ್ಲೋ ಕಾದ ನೀರನ್ನು ಬಕೆಟ್ಟಿಗೆ ತುಂಬಿಕೊಂಡು ತಂಬಿಗೆಯಿಂದ ಮೈಮೇಲೆ ಸುರಿದುಕೊಳ್ಳುತ್ತೇವೆ. ಸುರಿದ ನೀರು ಬಚ್ಚಲ ಮೋರಿಯನ್ನು ಸೇರುತ್ತದೆ. ನಮ್ಮ ನಂತರ ಬರುವವರಿಗೆ ಬೇರೆ ನೀರು. ಹಾಗಲ್ಲದೆ, ಒಂದೇ ತೊಟ್ಟಿಯ ನೀರಿನಲ್ಲಿ ಹತ್ತಿಪ್ಪತ್ತು ಜನ, ಅದೂ ಒಬ್ಬರಿಗೊಬ್ಬರು ಗುರುತಿಲ್ಲದವರು, ಕುತ್ತಿಗೆಯವರೆಗೆ ಮುಳುಗಿ ಕುಳಿತುಕೊಳ್ಳುವುದಾದರೆ? ಆಗ ಆ ನೀರು ಯಾರದು? ಅದನ್ನು ಶುಚಿಯಾಗಿಡುವ ಹೊಣೆ ಯಾರದು?

ಜಪಾನಿನ ಜನ ಈ ಪ್ರಶ್ನೆಗೆ ನೂರಾರು ವರ್ಷಗಳಿಂದ ಉತ್ತರ ಹುಡುಕುತ್ತ ಬಂದಿದ್ದಾರೆ. ಅಲ್ಲಿನ ಬಿಸಿನೀರಿನ ಬುಗ್ಗೆಗೆ ‘ಓನ್ಸೆನ್’ ಎಂದು ಹೆಸರು. ಹಳೆಯ ಪದ್ಧತಿಯ ತಂಗುಮನೆಗೆ ‘ರ್ಯೊಕಾನ್’ ಎನ್ನುತ್ತಾರೆ. ಓನ್ಸೆನ್ ಇರುವ ಊರಿನ ರ್ಯೊಕಾನ್‌ನಲ್ಲಿ ಒಂದು ರಾತ್ರಿ ತಂಗುವುದು ಜಪಾನೀಯರಿಗೆ ಬಹು ಪ್ರಿಯವಾದ ಸಂಗತಿ. ಮೊದಲ ಸಲ ಹೋಗುವ ಹೊರಗಿನವರಿಗೆ ಮಾತ್ರ ಅಲ್ಲಿನ ಕಟ್ಟುಪಾಡುಗಳನ್ನು ಕಂಡು ಗಾಬರಿಯಾಗುತ್ತದೆ. ಚಪ್ಪಲಿ ಎಲ್ಲಿ ಬಿಡಬೇಕು, ಬಟ್ಟೆ ಹೇಗೆ ಉಡಬೇಕು, ನೀರಿಗೆ ಇಳಿಯುವ ಮೊದಲು ಏನು ಮಾಡಬೇಕು ಎಂಬುದಕ್ಕೆಲ್ಲ ಅಲ್ಲಿ ಕ್ರಮವಿದೆ. ಆ ಕ್ರಮಗಳ ಹಿಂದಿನ ಕಾರಣ ತಿಳಿದರೆ ಗಾಬರಿ ಹೋಗುತ್ತದೆ. ಬನ್ನಿ, ಕಿನೊಸಾಕಿ ಎಂಬ ಊರಿಗೆ ಹೋಗಿ ಅದನ್ನು ತಿಳಿಯೋಣ.

ನೆಲದಡಿಯ ಒಲೆ

ಹೊರಡುವ ಮೊದಲು ಒಂದು ಪ್ರಶ್ನೆ. ನೆಲದೊಳಗಿನ ನೀರು ಬಿಸಿಯಾಗುವುದು ಹೇಗೆ?

ಮಳೆಯ ಮತ್ತು ಕರಗಿದ ಹಿಮದ ನೀರು ಬಂಡೆಗಳ ಬಿರುಕುಗಳಲ್ಲಿ ನಿಧಾನವಾಗಿ ಕೆಳಗೆ ಇಂಗುತ್ತದೆ. ಭೂಮಿಯೊಳಗೆ ಆಳಕ್ಕೆ ಹೋದಂತೆ ಶಾಖ ಏರುತ್ತದೆ. ಸಾಮಾನ್ಯವಾಗಿ ಪ್ರತಿ 100 ಮೀಟರಿಗೆ ಸುಮಾರು 3 ಡಿಗ್ರಿ ಸೆಲ್ಸಿಯಸ್ ಹೆಚ್ಚುತ್ತದೆ. ಜ್ವಾಲಾಮುಖಿಯ ಸಮೀಪದಲ್ಲಾದರೆ ಕರಗಿದ ಶಿಲಾಪಾಕ ಮೇಲಕ್ಕೇ ಬಂದಿರುವುದರಿಂದ ಸ್ವಲ್ಪ ಆಳದಲ್ಲಿಯೇ ನೀರು ಕುದಿಯುವಷ್ಟು ಕಾಯುತ್ತದೆ. ಕಾದ ನೀರು ಹಗುರಾಗಿ, ಬಂಡೆಯ ಲವಣಗಳನ್ನು ಕರಗಿಸಿಕೊಂಡು ಮೇಲೆ ಚಿಮ್ಮುತ್ತದೆ. ಜಪಾನಿನಲ್ಲಿ 111 ಸಕ್ರಿಯ ಜ್ವಾಲಾಮುಖಿಗಳಿವೆ. ಆದ್ದರಿಂದಲೇ ಅಲ್ಲಿ ಸುಮಾರು 3,000 ಓನ್ಸೆನ್ ಪ್ರದೇಶಗಳೂ 27,000ದಷ್ಟು ಬುಗ್ಗೆಗಳೂ ಇವೆ.

ಜ್ವಾಲಾಮುಖಿ ಇದ್ದರೆ ಮಾತ್ರ ಬುಗ್ಗೆ ಇರುತ್ತದೆ ಎಂದಲ್ಲ. ನಮ್ಮ ದಕ್ಷಿಣ ಕನ್ನಡ ಜಿಲ್ಲೆಯ ಪುತ್ತೂರು ತಾಲ್ಲೂಕಿನ ಇರ್ದೆಯಲ್ಲಿ ಬೆಂದ್ರುತೀರ್ಥವೆಂಬ ಬಿಸಿನೀರಿನ ಬುಗ್ಗೆ ಇದೆ. ಅಲ್ಲಿ ಹತ್ತಿರದಲ್ಲೆಲ್ಲೂ ಜ್ವಾಲಾಮುಖಿ ಇಲ್ಲ.

ಇನ್ನೊಂದು ವಿಷಯ ಗಮನಿಸಿ. ಜಪಾನಿನಲ್ಲಿ ಯಾರೂ ತಮಗೆ ತೋಚಿದ ನೀರನ್ನು ಓನ್ಸೆನ್ ಎಂದು ಕರೆಯುವಂತಿಲ್ಲ. 1948ರ ಓನ್ಸೆನ್ ಕಾನೂನಿನ ಪ್ರಕಾರ ನೆಲದಿಂದ ಹೊರಬರುವಾಗ ನೀರು 25 ಡಿಗ್ರಿಯಷ್ಟಾದರೂ ಬಿಸಿ ಇರಬೇಕು. ಇಲ್ಲವೇ ಕಾನೂನು ಪಟ್ಟಿ ಮಾಡಿರುವ 19 ಬಗೆಯ ದ್ರವ್ಯಗಳಲ್ಲಿ ಒಂದಾದರೂ ನಿಗದಿಯಾದ ಪ್ರಮಾಣದಲ್ಲಿ ಅದರಲ್ಲಿ ಇರಬೇಕು. ನೀರಿನ ವಿಶ್ಲೇಷಣೆಯ ಫಲಿತಾಂಶವನ್ನು ಸ್ನಾನಗೃಹದಲ್ಲಿ ತೂಗುಹಾಕಿರುತ್ತಾರೆ. ರಸಾಯನ ಶಾಸ್ತ್ರ ಓದುವವರಿಗೆ ಅದೊಂದು ಸೊಗಸಾದ ಪಾಠ.

ಊರೇ ಒಂದು ಮನೆ

ಕಿನೊಸಾಕಿ ಇರುವುದು ಹ್ಯೋಗೊ ಪ್ರಾಂತ್ಯದ ಉತ್ತರದಲ್ಲಿ, ಜಪಾನ್ ಸಮುದ್ರದ ಬಳಿ. ಕ್ಯೋಟೊ ನಗರದಿಂದ ವೇಗದ ರೈಲಿನಲ್ಲಿ ಸುಮಾರು ಎರಡೂವರೆ ಗಂಟೆಯ ದಾರಿ. ಊರ ನಡುವೆ ಕಿರಿದಾದ ಹೊಳೆ, ಅದರ ಎರಡೂ ದಡಗಳಲ್ಲಿ ವಿಲ್ಲೊ ಮರಗಳು, ಕಲ್ಲಿನ ಕಮಾನು ಸೇತುವೆಗಳು, ಮರದ ರ್ಯೊಕಾನ್‌ಗಳು. ದಾರಿಯುದ್ದಕ್ಕೂ ಸಾರ್ವಜನಿಕ ಸ್ನಾನಗೃಹಗಳು. ಈ ಏಳು ಸ್ನಾನಗೃಹಗಳೇ ಊರಿಗೆ ಹೆಸರು ತಂದವು.

ದೋಚಿ ಎಂಬ ಬೌದ್ಧ ಸನ್ಯಾಸಿ ರೋಗಿಗಳ ಉಪಶಮನಕ್ಕಾಗಿ ಸಾವಿರ ದಿನ ಪ್ರಾರ್ಥಿಸಿದನೆಂದೂ, ಅದರ ಫಲವಾಗಿ 720ರಲ್ಲಿ ಇಲ್ಲಿ ಬಿಸಿನೀರು ಉಕ್ಕಿತೆಂದೂ ಸ್ಥಳ ಐತಿಹ್ಯ ಹೇಳುತ್ತದೆ. ಇತ್ತೀಚಿನ ಕಾಲದ ಒಂದು ಉದಾಹರಣೆಯೂ ಇದೆ. ಸಾಹಿತಿ ಶಿಗಾ ನಾವೊಯಾ 1913ರಲ್ಲಿ ಟೋಕಿಯೊದಲ್ಲಿ ರೈಲಿಗೆ ಸಿಕ್ಕಿ ಗಾಯಗೊಂಡರು. ಚೇತರಿಸಿಕೊಳ್ಳಲು ಇಲ್ಲಿಗೆ ಬಂದು ಸುಮಾರು ಮೂರು ವಾರ ಇದ್ದರು. ಆ ದಿನಗಳ ಅನುಭವದಿಂದ ಹುಟ್ಟಿ 1917ರಲ್ಲಿ ಪ್ರಕಟವಾದ ಅವರ ಸಣ್ಣಕಥೆ ಊರಿನ ಹೆಸರನ್ನು ಜಪಾನೀ ಸಾಹಿತ್ಯದಲ್ಲಿ ಉಳಿಸಿದೆ.

ಊರಿನವರು ತಮ್ಮ ಊರನ್ನು ಒಂದೇ ದೊಡ್ಡ ರ್ಯೊಕಾನ್ ಎಂದು ಬಣ್ಣಿಸುತ್ತಾರೆ. ರೈಲು ನಿಲ್ದಾಣವೇ ಅದರ ಹೆಬ್ಬಾಗಿಲು. ರಸ್ತೆಗಳೇ ಓಣಿ. ಒಂದೊಂದು ರ್ಯೊಕಾನ್ ಒಂದೊಂದು ಕೋಣೆ. ಸಾರ್ವಜನಿಕ ಸ್ನಾನಗೃಹವೇ ಎಲ್ಲರ ಬಚ್ಚಲುಮನೆ. ಇದು ಬರಿಯ ಚಮತ್ಕಾರದ ಮಾತಲ್ಲ. ಏಕೆಂಬುದನ್ನು ಮುಂದೆ ನೋಡುವಿರಿ.

ಹೊಸ್ತಿಲಿನಿಂದ ಕೋಣೆಗೆ

ಮಧ್ಯಾಹ್ನ ಮೂರು ಗಂಟೆಯ ಮೇಲೆ ನೀವು ರ್ಯೊಕಾನ್ ತಲುಪಿದಿರೆನ್ನಿ. ಬಾಗಿಲಲ್ಲೇ ನಿಮ್ಮನ್ನು ಎದುರುಗೊಳ್ಳುವವರು ‘ಒಕಾಮಿ’, ಎಂದರೆ ಮನೆಯ ಆಡಳಿತ ನಡೆಸುವ ಯಜಮಾನಿ. ಪಾದರಕ್ಷೆಗಳನ್ನು ಅಲ್ಲಿಯೇ ಕಳಚಬೇಕು. ಇದು ನಮಗೇನೂ ಹೊಸದಲ್ಲ. ಆದರೆ ಅವರ ಕ್ರಮ ಇನ್ನೂ ಒಂದು ಹೆಜ್ಜೆ ಮುಂದೆ ಹೋಗುತ್ತದೆ. ಮರದ ನೆಲದ ಮೇಲೆ ಓಡಾಡಲು ಮನೆಯವರೇ ಕೊಡುವ ಚಪ್ಪಲಿ. ಕೋಣೆಯ ಚಾಪೆಯ ನೆಲಕ್ಕೆ ಕಾಲಿಡುವಾಗ ಅದನ್ನೂ ಬಿಡಬೇಕು. ಶೌಚಾಲಯಕ್ಕೆ ಬೇರೆಯೇ ಚಪ್ಪಲಿ. ಅದನ್ನು ಮರೆತು ಮೆಟ್ಟಿಕೊಂಡೇ ಹೊರಗೆ ಬರುವುದು ಹೊಸಬರು ಮಾಡುವ ಸಾಮಾನ್ಯ ತಪ್ಪು.

ಕೋಣೆಯ ನೆಲಕ್ಕೆ ಹಾಸಿರುವುದು ‘ತತಾಮಿ’, ಜೊಂಡಿನ ಜಾತಿಯ ಹುಲ್ಲಿನಿಂದ ನೇಯ್ದ ದಪ್ಪ ಚಾಪೆ. ಒಂದೊಂದು ಸುಮಾರು 180 ಸೆಂಟಿಮೀಟರ್ ಉದ್ದ, 90 ಸೆಂಟಿಮೀಟರ್ ಅಗಲ. ಕೋಣೆಯ ಅಳತೆಯನ್ನು ಹೇಳುವುದು ಚಾಪೆಗಳ ಲೆಕ್ಕದಲ್ಲಿಯೇ: ಎಂಟು ಚಾಪೆಯ ಕೋಣೆ, ಹತ್ತು ಚಾಪೆಯ ಕೋಣೆ ಎಂದು. ಗೋಡೆಯಲ್ಲಿ ಒಂದು ಕಡೆ ತುಸು ಎತ್ತರದ ಜಗಲಿಯಂಥ ಗೂಡು ಇರುತ್ತದೆ. ಅಲ್ಲಿ ಒಂದು ಚಿತ್ರಪಟ, ಒಂದು ಹೂದಾನಿ. ಅದು ನೋಡುವ ಜಾಗ. ಸೂಟ್‌ಕೇಸ್ ಇಡುವ ಜಾಗವಲ್ಲ.

ಕೋಣೆಯನ್ನು ನೋಡಿಕೊಳ್ಳುವ ಮಹಿಳೆ ಹಸಿರು ಚಹಾ ಮತ್ತು ಒಂದು ಸಿಹಿ ತಿಂಡಿ ತಂದಿಡುತ್ತಾರೆ. ಇದು ಉಪಚಾರವೂ ಹೌದು, ಎಚ್ಚರಿಕೆಯೂ ಹೌದು. ಪ್ರಯಾಣ ಮಾಡಿ ದಣಿದು ಬರಿ ಹೊಟ್ಟೆಯಲ್ಲಿ ಬಿಸಿನೀರಿಗೆ ಇಳಿದರೆ ತಲೆ ಸುತ್ತಬಹುದು.

ಮಡಿಸಿಟ್ಟ ಹತ್ತಿಯ ನಿಲುವಂಗಿಯೊಂದು ಕೋಣೆಯಲ್ಲಿ ಕಾದಿರುತ್ತದೆ. ಅದೇ ‘ಯುಕಾತ’. ಮೊದಲು ಬಲಗಡೆಯ ಅಂಚನ್ನು ಮೈಗೆ ತಂದು, ಅದರ ಮೇಲೆ ಎಡಗಡೆಯ ಅಂಚು ಬರುವಂತೆ ಹೊದ್ದು ನಡುಪಟ್ಟಿ ಕಟ್ಟಬೇಕು. ಇದನ್ನು ಅದಲುಬದಲು ಮಾಡಬೇಡಿ. ಹಾಗೆ ಉಡಿಸುವುದು ಶವಕ್ಕೆ. ಕಿನೊಸಾಕಿಯಲ್ಲಿ ಯುಕಾತ ತೊಟ್ಟು, ಮರದ ‘ಗೆತಾ’ ಮೆಟ್ಟಿ ಬೀದಿಯಲ್ಲೇ ನಡೆದುಹೋಗುವುದು ವಾಡಿಕೆ. ಸಂಜೆಯಾದರೆ ಬೀದಿಯ ತುಂಬ ಗೆತಾಗಳ ಟಕಟಕ ಸದ್ದು. ಎಲ್ಲರೂ ಒಂದೇ ಬಗೆಯ ಉಡುಪಿನಲ್ಲಿರುವುದರಿಂದ ಯಾರು ಅಧಿಕಾರಿ, ಯಾರು ಗುಮಾಸ್ತ ಎಂದು ತಿಳಿಯುವುದಿಲ್ಲ. ರ್ಯೊಕಾನ್‌ನಲ್ಲಿ ತಂಗಿದವರಿಗೆ ಊರಿನ ಸಾರ್ವಜನಿಕ ಸ್ನಾನಗೃಹಗಳಿಗೆ ಪಾಸು ಸಿಗುತ್ತದೆ. ಬೇರೆ ಹಣ ಕೊಡಬೇಕಾಗಿಲ್ಲ.

ನೀರಿಗೆ ಇಳಿಯುವ ಮೊದಲು

ಸ್ನಾನಗೃಹದಲ್ಲಿ ಗಂಡಸರಿಗೂ ಹೆಂಗಸರಿಗೂ ಬೇರೆ ಬೇರೆ ಬಾಗಿಲುಗಳು. ಬಾಗಿಲಿಗೆ ಬಟ್ಟೆಯ ತೆರೆ ತೂಗಿರುತ್ತದೆ. ಸಾಮಾನ್ಯವಾಗಿ ಗಂಡಸರಿಗೆ ನೀಲಿ, ಹೆಂಗಸರಿಗೆ ಕೆಂಪು. ಕೆಲವು ಕಡೆ ಬೆಳಗ್ಗೆ ಮತ್ತು ಸಂಜೆ ಈ ಎರಡನ್ನು ಅದಲುಬದಲು ಮಾಡುತ್ತಾರೆ. ಆದ್ದರಿಂದ ನಿನ್ನೆ ಹೋದ ಬಾಗಿಲೆಂದು ನಂಬಿ ನುಗ್ಗದೆ ತೆರೆಯನ್ನು ನೋಡಿ ಒಳಗೆ ಹೋಗಿ.

ಒಳಗೆ ಬಟ್ಟೆ ಕಳಚಿಡಲು ಬುಟ್ಟಿಗಳಿವೆ. ಎಲ್ಲ ಬಟ್ಟೆಯನ್ನೂ ಕಳಚಬೇಕು. ಈಜುಡುಗೆಗೂ ಅವಕಾಶವಿಲ್ಲ. ನಮ್ಮ ಹುಡುಗ ಹುಡುಗಿಯರಿಗೆ ಇಲ್ಲಿ ಸಂಕೋಚವಾಗುವುದು ಸಹಜ. ಕೈಯಲ್ಲಿರುವ ಸಣ್ಣ ಟವಲಿನಿಂದ ಮುಂಭಾಗವನ್ನು ಮರೆಮಾಡಿಕೊಂಡು ನಡೆಯಬಹುದು. ಯಾರೂ ಯಾರನ್ನೂ ದಿಟ್ಟಿಸಿ ನೋಡುವುದಿಲ್ಲ. ಕ್ಯಾಮೆರಾ, ಫೋನುಗಳನ್ನು ಒಳಗೆ ತರುವಂತಿಲ್ಲ.

ಈಗ ಮುಖ್ಯವಾದ ಮಾತು. ಜಪಾನಿನಲ್ಲಿ ತೊಟ್ಟಿಯ ನೀರು ಮೈ ತೊಳೆಯುವುದಕ್ಕಲ್ಲ. ಮೈ ತೊಳೆದುಕೊಂಡೇ ತೊಟ್ಟಿಗೆ ಇಳಿಯಬೇಕು. ಗೋಡೆಯ ಉದ್ದಕ್ಕೂ ನಲ್ಲಿಗಳು, ಅವುಗಳ ಮುಂದೆ ಕುಳ್ಳ ಮಣೆಗಳು, ಪಕ್ಕದಲ್ಲಿ ಪುಟ್ಟ ಬೋಗುಣಿ. ಮಣೆಯ ಮೇಲೆ ಕುಳಿತು, ಅಕ್ಕಪಕ್ಕದವರಿಗೆ ಸಿಡಿಯದಂತೆ ನೀರು ಸುರಿದುಕೊಂಡು, ಸೋಪು ಹಚ್ಚಿ, ನೊರೆ ಒಂದಿಷ್ಟೂ ಉಳಿಯದಂತೆ ತೊಳೆಯಬೇಕು. ನಮ್ಮ ಬಚ್ಚಲುಮನೆಯಲ್ಲಿ ಮಣೆ ಹಾಕಿ ಕುಳಿತು ಮೀಯುವ ಕ್ರಮ ನೆನಪಾಯಿತೇ? ನಮಗೆ ಸ್ನಾನ ಮುಗಿಯುವ ಹಂತದಲ್ಲಿ ಅವರ ಸ್ನಾನ ಆರಂಭವಾಗುತ್ತದೆ.

ಆಮೇಲೆ ತೊಟ್ಟಿ. ನೀರು ಸಾಮಾನ್ಯವಾಗಿ 40ರಿಂದ 42 ಡಿಗ್ರಿ. ಕಾಲಿಟ್ಟಾಗ ‘ಅಬ್ಬಾ’ ಎನಿಸುತ್ತದೆ. ಸದ್ದಿಲ್ಲದೆ ನಿಧಾನವಾಗಿ ಇಳಿಯಿರಿ. ಉದ್ದ ಕೂದಲನ್ನು ಮೇಲೆ ಕಟ್ಟಿಕೊಳ್ಳಿ. ಟವಲನ್ನು ನೀರಿನಲ್ಲಿ ಅದ್ದಬೇಡಿ. ಮಡಿಸಿ ತಲೆಯ ಮೇಲೆ ಇಟ್ಟುಕೊಳ್ಳಿ. ಈಜಬೇಡಿ. ಈ ಎಲ್ಲ ನಿಯಮಗಳ ಕಾರಣ ಒಂದೇ: ನೀವು ಎದ್ದು ಹೋದ ಮೇಲೂ ಈ ನೀರು ಇಲ್ಲಿಯೇ ಇರುತ್ತದೆ, ಅದರಲ್ಲಿ ಮತ್ತೊಬ್ಬರು ಕುಳಿತುಕೊಳ್ಳುತ್ತಾರೆ.

ಕಿನೊಸಾಕಿಯ ನೀರಿನಲ್ಲಿ ಸೋಡಿಯಂ ಮತ್ತು ಕ್ಯಾಲ್ಸಿಯಂ ಕ್ಲೋರೈಡ್ ಇದೆ, ಎಂದರೆ ಉಪ್ಪಿನ ನೀರು. ಚರ್ಮದ ಮೇಲೆ ಉಪ್ಪಿನ ತೆಳುವಾದ ಪದರ ಉಳಿದು ಬೆವರು ಬೇಗ ಆರುವುದನ್ನು ತಡೆಯುವುದರಿಂದ ಮೈ ಬಹಳ ಹೊತ್ತು ಬೆಚ್ಚಗಿರುತ್ತದೆ ಎಂದು ವಿವರಿಸುತ್ತಾರೆ. ಆದರೆ ಬಿಸಿನೀರನ್ನು ಸರ್ವರೋಗಕ್ಕೂ ಮದ್ದೆಂದು ತಿಳಿಯಬೇಡಿ. ಬಿಸಿಗೆ ರಕ್ತನಾಳಗಳು ಹಿಗ್ಗಿ ರಕ್ತದೊತ್ತಡ ಇಳಿಯುತ್ತದೆ. ಥಟ್ಟನೆ ಎದ್ದರೆ ಕಣ್ಣು ಕತ್ತಲೆ ಬಂದು ಬೀಳುವ ಅಪಾಯವಿದೆ. ಮೊದಲ ಸಲ ಐದು ಹತ್ತು ನಿಮಿಷ ಸಾಕು. ಹೃದ್ರೋಗ ಇರುವವರು ವೈದ್ಯರನ್ನು ಕೇಳಿಯೇ ಇಳಿಯಬೇಕು. ಹೊರಬಂದ ಮೇಲೆ ನೀರು ಕುಡಿಯಿರಿ.

ಊಟ ಮತ್ತು ನಿದ್ರೆ

ರ್ಯೊಕಾನ್‌ನಲ್ಲಿ ಬಾಡಿಗೆಯನ್ನು ಸಾಮಾನ್ಯವಾಗಿ ಕೋಣೆಗಲ್ಲ, ತಲೆಗೆ ಇಷ್ಟು ಎಂದು ಲೆಕ್ಕ ಹಾಕುತ್ತಾರೆ. ರಾತ್ರಿಯ ಊಟವೂ ಬೆಳಗಿನ ಊಟವೂ ಅದರಲ್ಲೇ ಸೇರಿರುತ್ತವೆ. ರಾತ್ರಿಯೂಟದಲ್ಲಿ ಪುಟ್ಟ ಪುಟ್ಟ ಬಟ್ಟಲುಗಳಲ್ಲಿ ಆಯಾ ಋತುವಿನ, ಆಯಾ ಊರಿನ ಪದಾರ್ಥಗಳು ಒಂದಾದ ಮೇಲೊಂದು ಬರುತ್ತವೆ. ಕಿನೊಸಾಕಿಯಲ್ಲಿ ನವೆಂಬರಿನಿಂದ ಮಾರ್ಚಿಯವರೆಗೆ ಏಡಿಯ ಅಡುಗೆಗೆ ಪ್ರಾಶಸ್ತ್ಯ.

ಸಸ್ಯಾಹಾರಿಗಳಿಗೆ ಒಂದು ಕಿವಿಮಾತು. ಮೀನು ಕಣ್ಣಿಗೆ ಕಾಣದ ಸಾರಿನಲ್ಲೂ ಮೀನಿನ ರಸ ಇರುತ್ತದೆ. ಜಪಾನೀ ಅಡುಗೆಯ ಮೂಲವಾದ ‘ದಾಶಿ’ ಎಂಬ ತಿಳಿಯನ್ನು ಹೆಚ್ಚಾಗಿ ಒಣಮೀನು ಮತ್ತು ಕಡಲ ಪಾಚಿಯಿಂದ ತೆಗೆಯುತ್ತಾರೆ. ಕೋಣೆ ಗೊತ್ತುಮಾಡುವಾಗಲೇ ಇದನ್ನು ಬಿಡಿಸಿ ತಿಳಿಸಬೇಕು. ಊಟದ ಹೊತ್ತಿಗೆ ಹೇಳಿದರೆ, ದಿನವೆಲ್ಲ ಅಡುಗೆ ಮಾಡಿದವರಿಗೆ ಬೇಸರ, ನಿಮಗೆ ಉಪವಾಸ.

ನೀವು ಊಟ ಮುಗಿಸುವಷ್ಟರಲ್ಲಿ ಕೋಣೆಯ ನಡುವಿನ ಕುಳ್ಳ ಮೇಜು ಬದಿಗೆ ಸರಿದಿರುತ್ತದೆ. ಚಾಪೆಯ ಮೇಲೆ ‘ಫುತೊನ್’ ಎಂಬ ಹಾಸಿಗೆ ಸಿದ್ಧವಾಗಿರುತ್ತದೆ. ಬೆಳಗಾದರೆ ಅದು ಮಡಿಸಿಕೊಂಡು ಗೋಡೆಯ ಕಪಾಟನ್ನು ಸೇರುತ್ತದೆ. ಕುಳಿತುಕೊಳ್ಳುವ ಕೋಣೆಯೇ ಮಲಗುವ ಕೋಣೆ. ನಮ್ಮ ಹಳೆಯ ಮನೆಗಳ ಪಡಸಾಲೆಯಲ್ಲಿ ಹಾಸಿಗೆ ಸುತ್ತಿಡುತ್ತಿದ್ದ ಹಾಗೆಯೇ.

ಬೆಳಗ್ಗೆ ಲೆಕ್ಕದ ಚೀಟಿಯನ್ನು ಗಮನಿಸಿದರೆ ಅದರಲ್ಲಿ ‘ಸ್ನಾನ ತೆರಿಗೆ’ ಎಂದು ಒಂದು ಬಾಬ್ತು ಕಾಣುತ್ತದೆ. ಸಾಮಾನ್ಯವಾಗಿ ತಲೆಗೆ 150 ಯೆನ್. ಬುಗ್ಗೆಗಳ ರಕ್ಷಣೆ, ನೈರ್ಮಲ್ಯ, ಅಗ್ನಿಶಾಮಕ ವ್ಯವಸ್ಥೆ ಮುಂತಾದವಕ್ಕೆ ಸ್ಥಳೀಯ ಆಡಳಿತ ಆ ಹಣವನ್ನು ಬಳಸುತ್ತದೆ.

ಇಪ್ಪತ್ತಮೂರು ವರ್ಷದ ವ್ಯಾಜ್ಯ

ಊರೇ ಒಂದು ರ್ಯೊಕಾನ್ ಎಂಬ ಮಾತಿಗೆ ಈಗ ಬರೋಣ. ಕಿನೊಸಾಕಿಯ ಹಳೆಯ ವಾಡಿಕೆಯಂತೆ ರ್ಯೊಕಾನ್‌ಗಳ ಒಳಗೆ ಬಿಸಿನೀರಿನ ತೊಟ್ಟಿ ಇರಲಿಲ್ಲ. ಶ್ರೀಮಂತ ಅತಿಥಿಯೂ ಬಡವನೂ ಬೀದಿಗೆ ಬಂದು ಸಾರ್ವಜನಿಕ ಸ್ನಾನಗೃಹದಲ್ಲಿಯೇ ಮೀಯಬೇಕಾಗಿತ್ತು. 1925ರ ಮೇ ತಿಂಗಳಲ್ಲಿ ಭೂಕಂಪವಾಗಿ, ಹಿಂದೆಯೇ ಬೆಂಕಿ ಹತ್ತಿ ಊರು ಸುಟ್ಟುಹೋಯಿತು. ಊರನ್ನು ಮತ್ತೆ ಕಟ್ಟುವ ಕಾಲದಲ್ಲಿ, 1927ರಲ್ಲಿ, ಒಂದು ರ್ಯೊಕಾನ್ ತನ್ನ ಆವರಣದಲ್ಲಿ ದೊರೆತ ಬಿಸಿನೀರಿನಿಂದ ಸ್ವಂತ ತೊಟ್ಟಿ ಮಾಡಿಕೊಂಡಿತು.

ಊರಿನವರು ವಿರೋಧಿಸಿದರು. ವ್ಯಾಜ್ಯ ನ್ಯಾಯಾಲಯಕ್ಕೆ ಹೋಯಿತು. ಒಂದು ಪಕ್ಷದ ವಾದ: ನನ್ನ ನೆಲದಲ್ಲಿ ಸಿಕ್ಕ ನೀರು ನನ್ನದು. ಇನ್ನೊಂದು ಪಕ್ಷದ ವಾದ: ನೆಲ ನಿನ್ನದಾದರೂ ನೆಲದಡಿಯ ನೀರು ಊರಿನದು. ಎರಡನ್ನೂ ತಳ್ಳಿಹಾಕುವಂತಿರಲಿಲ್ಲ. ತನ್ನ ನೆಲದ ಮೇಲೆ ತನಗೆ ಹಕ್ಕಿಲ್ಲವೇ ಎಂದರೆ ಉತ್ತರ ಹೇಳುವುದು ಕಷ್ಟ. ಆದರೆ ಪ್ರತಿಯೊಬ್ಬನೂ ತನ್ನ ಅಂಗಳದಲ್ಲಿ ಕೊರೆಯುತ್ತ ಹೋದರೆ ಬುಗ್ಗೆ ಬತ್ತುವುದಿಲ್ಲವೇ? ಅತಿಥಿಗಳು ಒಳಗೇ ಉಳಿದರೆ ಬೀದಿಯ ಸ್ನಾನಗೃಹದ ಗತಿಯೇನು? ಹಣವಿಲ್ಲದ ಸಣ್ಣ ರ್ಯೊಕಾನ್‌ಗಳ ಗತಿಯೇನು?

ನಡುವೆ ಮಹಾಯುದ್ಧವೂ ಬಂದು ಹೋಯಿತು. 1950ರಲ್ಲಿ, 23 ವರ್ಷಗಳ ಮೇಲೆ, ಎರಡೂ ಕಡೆಯವರು ರಾಜಿಯಾದರು. ರ್ಯೊಕಾನ್‌ಗಳು ಒಳಗೆ ತೊಟ್ಟಿ ಇಟ್ಟುಕೊಳ್ಳಬಹುದು, ಆದರೆ ಅವು ಚಿಕ್ಕದಾಗಿರಬೇಕು, ಊರಿನ ಸ್ನಾನಗೃಹಗಳೇ ಪ್ರಧಾನವಾಗಿ ಉಳಿಯಬೇಕು ಎಂಬುದು ಅದರ ಸಾರ. ಇಂದು ಬುಗ್ಗೆಗಳ ನೀರನ್ನು ಒಂದೆಡೆ ಸಂಗ್ರಹಿಸಿ ಕೊಳವೆಗಳ ಮೂಲಕ ಸ್ನಾನಗೃಹಗಳಿಗೂ ರ್ಯೊಕಾನ್‌ಗಳಿಗೂ ಹಂಚುತ್ತಾರೆ. ಸಂಜೆಯ ಬೀದಿಯಲ್ಲಿ ನೀವು ಕೇಳಿದ ಗೆತಾಗಳ ಸದ್ದು ಆ ರಾಜಿಯ ಫಲ.

ನಿಯಮ ಯಾರಿಗೆ, ನೀರು ಯಾರಿಗೆ?

ಶುಚಿತ್ವದ ನಿಯಮ ಅತಿಥಿಗೆ ಮಾತ್ರವಲ್ಲ, ಮನೆಯವರಿಗೂ ಉಂಟು. ಬೆಚ್ಚಗಿನ ನಿಂತ ನೀರಿನಲ್ಲಿ ಲೀಜಿಯೊನೆಲ್ಲ ಎಂಬ ಬ್ಯಾಕ್ಟೀರಿಯ ಬೆಳೆಯುತ್ತದೆ. ಅದು ನೀರಿನ ಸಣ್ಣ ತುಂತುರಿನೊಂದಿಗೆ ಶ್ವಾಸಕೋಶ ಸೇರಿ ನ್ಯುಮೋನಿಯ ಉಂಟುಮಾಡುತ್ತದೆ. ಫುಕುವೊಕ ಪ್ರಾಂತ್ಯದಲ್ಲಿ ವಾರಕ್ಕೊಮ್ಮೆಯಾದರೂ ತೊಟ್ಟಿಯ ನೀರನ್ನು ಬದಲಿಸಬೇಕೆಂಬ ನಿಯಮವಿದ್ದರೂ, ಅಲ್ಲಿನ ಹಳೆಯ ರ್ಯೊಕಾನ್ ಒಂದು ವರ್ಷಕ್ಕೆ ಎರಡೇ ಸಲ ಬದಲಿಸುತ್ತಿತ್ತೆಂಬುದು 2023ರಲ್ಲಿ ಬಯಲಾಯಿತು. ಪರೀಕ್ಷೆಯಲ್ಲಿ ಬ್ಯಾಕ್ಟೀರಿಯದ ಪ್ರಮಾಣ ಮಿತಿಯ 3,700 ಪಟ್ಟಿನವರೆಗೆ ಕಂಡುಬಂದಿತ್ತು. ದೇಶವೇ ಸಿಟ್ಟಾಯಿತು. ಮೈ ತೊಳೆದೇ ನೀರಿಗಿಳಿದ ಅತಿಥಿಗಳ ನಂಬಿಕೆಗೆ ಅದು ದ್ರೋಹವಾಗಿತ್ತು.

ಎಲ್ಲರ ನೀರು ಎನ್ನುವಾಗ ‘ಎಲ್ಲರು’ ಎಂದರೆ ಯಾರು ಎಂಬ ಪ್ರಶ್ನೆಯೂ ಇದೆ. ಹೊಕ್ಕೈದೊ ದ್ವೀಪದ ಓತರು ನಗರದ ಸಾರ್ವಜನಿಕ ಸ್ನಾನಗೃಹವೊಂದು ವಿದೇಶೀಯರಿಗೆ ಪ್ರವೇಶವಿಲ್ಲವೆಂದು ಬಾಗಿಲಲ್ಲೇ ತಡೆಯುತ್ತಿತ್ತು. ಕೆಲವು ವಿದೇಶೀ ನಾವಿಕರು ಕ್ರಮ ತಪ್ಪಿ ನಡೆಯುತ್ತಾರೆ ಎಂಬುದು ಅದರ ಸಮಜಾಯಿಷಿ. ತಡೆಗೊಳಗಾದ ಮೂವರು ಮೊಕದ್ದಮೆ ಹೂಡಿದರು. ಅವರಲ್ಲೊಬ್ಬರು ಜಪಾನಿನ ಪೌರತ್ವ ಪಡೆದಿದ್ದವರು. 2002ರಲ್ಲಿ ಸಪ್ಪೊರೊ ಜಿಲ್ಲಾ ನ್ಯಾಯಾಲಯ ಇದು ಭೇದಭಾವವೆಂದು ಹೇಳಿ ಅವರಿಗೆ ಪರಿಹಾರ ಕೊಡಿಸಿತು. ಮೈಮೇಲೆ ಹಚ್ಚೆ ಇರುವವರನ್ನು ಇಂದಿಗೂ ಅನೇಕ ಕಡೆ ಸೇರಿಸುವುದಿಲ್ಲ. ಹಚ್ಚೆಯನ್ನು ಅಪರಾಧಿ ಗುಂಪುಗಳ ಗುರುತೆಂದು ಅಲ್ಲಿ ಭಾವಿಸಿದ್ದೇ ಕಾರಣ. 2013ರಲ್ಲಿ ನ್ಯೂಜಿಲೆಂಡಿನ ಮಾವೊರಿ ಮಹಿಳೆಯೊಬ್ಬರನ್ನು, ಮುಖದ ಮೇಲಿನ ಕುಲಪರಂಪರೆಯ ಹಚ್ಚೆಗಾಗಿ, ಹೊಕ್ಕೈದೊದಲ್ಲಿ ತಡೆದದ್ದು ದೊಡ್ಡ ಚರ್ಚೆಯಾಯಿತು. ಕಿನೊಸಾಕಿಯ ಸಾರ್ವಜನಿಕ ಸ್ನಾನಗೃಹಗಳಲ್ಲಿ ಈ ತಡೆ ಇಲ್ಲ.

ಇಲ್ಲಿರುವ ವ್ಯತ್ಯಾಸವನ್ನು ಗುರುತಿಸಿ. ‘ಮೈ ತೊಳೆದು ಇಳಿಯಿರಿ’ ಎಂಬ ನಿಯಮವನ್ನು ಯಾರು ಬೇಕಾದರೂ ಪಾಲಿಸಬಹುದು. ಅದು ನೀರನ್ನು ಕಾಯುತ್ತದೆ. ‘ನೀವು ಇಂಥವರು, ಆದ್ದರಿಂದ ಇಳಿಯಬೇಡಿ’ ಎಂಬುದನ್ನು ಪಾಲಿಸುವುದು ಹೇಗೆ? ಅದು ಜನರನ್ನು ದೂರವಿಡುತ್ತದೆ, ಅಷ್ಟೆ. ಕೆರೆ ಬಾವಿಗಳ ವಿಷಯದಲ್ಲಿ ನಮ್ಮ ದೇಶವೂ ಇದೇ ಪಾಠವನ್ನು ಬಹಳ ಕಷ್ಟಪಟ್ಟು ಕಲಿಯಬೇಕಾಯಿತು.

ರ್ಯೊಕಾನ್‌ಗಳ ಸಂಖ್ಯೆ ಈಗ ಇಳಿಯುತ್ತಿದೆ. 1980ರ ಸುಮಾರಿಗೆ 80,000ಕ್ಕೂ ಹೆಚ್ಚಿದ್ದವು, 2018ರ ವೇಳೆಗೆ 40,000ಕ್ಕಿಂತ ಕಡಿಮೆಯಾಗಿದ್ದವು. ಮನೆತನದ ಉದ್ಯೋಗವನ್ನು ಮುಂದುವರಿಸಲು ಮಕ್ಕಳು ಒಪ್ಪದಿರುವುದು ಒಂದು ಕಾರಣ. ಹಾಗಿದ್ದರೂ 705ರಲ್ಲಿ ಸ್ಥಾಪನೆಯಾಯಿತೆನ್ನುವ ಯಮಾನಾಶಿ ಪ್ರಾಂತ್ಯದ ಕೆಯುಂಕಾನ್ ಇಂದಿಗೂ ಅತಿಥಿಗಳನ್ನು ಬರಮಾಡಿಕೊಳ್ಳುತ್ತಿದೆ. ಜಗತ್ತಿನ ಅತಿ ಹಳೆಯ ಹೋಟೆಲೆಂದು ಗಿನ್ನೆಸ್ ದಾಖಲೆ 2011ರಲ್ಲಿ ಅದನ್ನು ಗುರುತಿಸಿತು.

ನೀವು ಜಪಾನಿಗೆ ಹೋಗುವಿರೋ ಇಲ್ಲವೋ. ನಿಮ್ಮ ಹಾಸ್ಟೆಲಿನ ನಲ್ಲಿ, ನಿಮ್ಮ ಊರಿನ ಕೆರೆ, ಕಾಲೇಜಿನ ಕುಡಿಯುವ ನೀರಿನ ತೊಟ್ಟಿ ಇವೂ ಎಲ್ಲರ ನೀರೇ. ಅಲ್ಲಿಂದ ಎದ್ದು ಬರುವಾಗ, ಮುಂದೆ ಬರುವವರಿಗೆ ಆ ನೀರು ಹೇಗೆ ಉಳಿದಿದೆ ಎಂದು ಒಮ್ಮೆ ತಿರುಗಿ ನೋಡಿ.